ವರೋಶಾ: ಯುದ್ಧ ನಿಂತು ಅರ್ಧ ಶತಮಾನವಾದರೂ ಊರಿನವರು ಏಕೆ ಮರಳಲಾಗಲಿಲ್ಲ?

ಪ್ರಶ್ನೆ: ಕಡವಾಡದ ಓದುಗ, ಕಾರವಾರ ತಾಲೂಕು

ಸೈಪ್ರಸ್ ದ್ವೀಪದ ಪೂರ್ವ ಕರಾವಳಿಯಲ್ಲಿ ಫಾಮಗುಸ್ತಾ ಎಂಬ ಬಂದರು ನಗರವಿದೆ. ಅದರ ಹಳೆಯ ಕೋಟೆಯ ಹೊರಗೆ, ದಕ್ಷಿಣಕ್ಕೆ, ಸಮುದ್ರದಂಚಿನಲ್ಲಿ ಬೆಳೆದ ವರೋಶಾ ಬಡಾವಣೆ ಟರ್ಕಿಯ ಸೈನ್ಯ ಅದನ್ನು ಹಿಡಿದ 1974ರ ಆಗಸ್ಟ್‌ನಿಂದ ನಿರ್ಜನವಾಗಿದೆ ಎಂಬುದು ಇಲ್ಲಿಯ ಅನೇಕರಿಗೆ ಗೊತ್ತಿರಬಹುದು. ಪಾಳುಬಿದ್ದ ಹೋಟೆಲುಗಳ ಚಿತ್ರಗಳು ಆಗಾಗ ವಾಟ್ಸಾಪ್‌ನಲ್ಲಿ ಬರುತ್ತವೆ. ಹಾಲಿವುಡ್ ನಟಿ ಎಲಿಜಬೆತ್ ಟೇಲರ್ ಇಳಿದುಕೊಳ್ಳುತ್ತಿದ್ದ ಜಾಗವಿದು ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ನನಗೆ ಆ ಚಿತ್ರಗಳಿಗಿಂತ ಅವುಗಳ ಹಿಂದಿನ ಎರಡು ಸಂಗತಿಗಳು ಅರ್ಥವಾಗಬೇಕಾಗಿದೆ.

ಗೆದ್ದ ಸೈನ್ಯ ಒಂದು ಊರನ್ನು ಹಿಡಿದರೆ ಸಾಮಾನ್ಯವಾಗಿ ತನ್ನವರನ್ನು ತಂದು ಅಲ್ಲಿ ನೆಲೆಗೊಳಿಸುತ್ತದೆ, ಇಲ್ಲವೇ ಊರನ್ನು ಕೆಡವುತ್ತದೆ, ಇಲ್ಲವೇ ಒಪ್ಪಂದವಾದ ಮೇಲೆ ಬಿಟ್ಟುಕೊಡುತ್ತದೆ. ವರೋಶಾದಲ್ಲಿ ಇದ್ಯಾವುದೂ ನಡೆಯಲಿಲ್ಲ. ಸುಮಾರು 6 ಚದರ ಕಿಲೋಮೀಟರ್ ನಗರಕ್ಕೆ ಬೇಲಿ ಹಾಕಿ, ಒಳಗೆ ಯಾರನ್ನೂ ಬಿಡದೆ ದಶಕಗಳ ಕಾಲ ಕಾವಲು ಕಾದದ್ದು ಯಾವ ಲೆಕ್ಕಾಚಾರದಿಂದ? ಇದು ಮೊದಲನೆಯದು.

ಎರಡನೆಯದು ಒಡೆತನದ್ದು. ನಮ್ಮ ಮನೆತನದ ಜಮೀನು ಹಿಂದೆ ಯೋಜನೆಯೊಂದಕ್ಕೆ ಹೋಯಿತು. ನೋಟಿಸು ಬಂತು, ಪಂಚನಾಮೆಯಾಯಿತು, ಪರಿಹಾರದ ಆದೇಶವಾಯಿತು, ಹೆಚ್ಚಿನ ಪರಿಹಾರಕ್ಕೆ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಏನೇ ಆಗಲಿ, ಪಹಣಿಯಿಂದ ಅಜ್ಜನ ಹೆಸರು ಹೋದ ಮೇಲೆ ಮರಳುವ ಮಾತು ಯಾರ ಬಾಯಲ್ಲೂ ಉಳಿಯಲಿಲ್ಲ. ವರೋಶಾದವರಾದರೋ ಮಾರಲೂ ಇಲ್ಲ, ಅವರಿಂದ ಸ್ವಾಧೀನಪಡಿಸಿಕೊಂಡ ಆದೇಶವೂ ಇಲ್ಲ. ಹಾಗಿದ್ದರೆ ಆ ಮನೆಗಳು ಇಂದು ಯಾರ ಹೆಸರಿನಲ್ಲಿವೆ? ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿ.


ಉತ್ತರ: ನಿವೃತ್ತ ಇತಿಹಾಸ ಮಾಸ್ತರ, ಅಂಕೋಲಾ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಎರಡನೆಯದನ್ನು ನಮ್ಮಲ್ಲಿರುವ ವಕೀಲರಿಗೆ ಬಿಡುವುದು ಲೇಸು.

ಕೋಟೆಯ ಒಳಗೆ ತುರ್ಕಿ ಸೈಪ್ರಿಯಟರು, ಹೊರಗೆ ಗ್ರೀಕ್ ಸೈಪ್ರಿಯಟರು (ಸೈಪ್ರಸ್‌ನ ತುರ್ಕಿ ಮತ್ತು ಗ್ರೀಕ್ ಭಾಷಿಕ ನಿವಾಸಿಗಳು) ಎಂಬ ವಿಂಗಡಣೆ ಫಾಮಗುಸ್ತಾಕ್ಕೆ ಹೊಸದಲ್ಲ. 1571ರಲ್ಲಿ ಆಟೊಮನ್ನರು ವೆನಿಸ್‌ನವರಿಂದ ಆ ಕೋಟೆಯನ್ನು ಗೆದ್ದ ಮೇಲೆ ಅಲ್ಲಿಯ ಕ್ರೈಸ್ತರು ಗೋಡೆಯ ಹೊರಗೆ ವಾಸಿಸಬೇಕಾಯಿತು. ಹಾಗೆ ಹೊರಬಿದ್ದವರ ವಸತಿ ತೋಟಗಳ ನಡುವೆ ಬೆಳೆದು ವರೋಶಾ ಆಯಿತು. ಬ್ರಿಟಿಷರ ಆಳ್ವಿಕೆ ಮುಗಿದು 1960ರಲ್ಲಿ ಸೈಪ್ರಸ್ ಸ್ವತಂತ್ರವಾದಾಗ ಗ್ರೀಕ್ ಸೈಪ್ರಿಯಟ್ ಅಧ್ಯಕ್ಷ, ತುರ್ಕಿ ಸೈಪ್ರಿಯಟ್ ಉಪಾಧ್ಯಕ್ಷ ಎಂಬ ಸಂವಿಧಾನ ಬಂತು. ಬ್ರಿಟನ್, ಗ್ರೀಸ್, ಟರ್ಕಿ ಈ ಮೂರು ದೇಶಗಳು ಅದರ ಖಾತರಿದಾರರಾದವು. ಆ ಏರ್ಪಾಡು ಮೂರು ವರ್ಷವೂ ಸರಿಯಾಗಿ ನಡೆಯದೆ 1963ರ ಡಿಸೆಂಬರ್‌ನಲ್ಲಿ ಮುರಿದು ಬಿದ್ದಿತು. 1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಯನ್ನು ಸ್ಥಾಪಿಸಿತು. ಅದರ ಮೊದಲ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಗ್ಯಾನಿ. ಅವರ ನಂತರ ಬಂದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಅವರು ಸೈಪ್ರಸ್‌ನಲ್ಲಿ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯಲ್ಲಿ ಹುಟ್ಟಿದ ಕನ್ನಡ ನಾಡಿನ ಮನುಷ್ಯನೊಬ್ಬ ಆ ದ್ವೀಪದ ಎರಡು ಪಂಗಡಗಳ ನಡುವೆ ನಿಂತಿದ್ದನೆಂಬುದನ್ನು ನಮ್ಮ ಶಾಲೆಗಳಲ್ಲಿ ಹೇಳುವವರೇ ಇಲ್ಲ. ವಿಷಯಾಂತರವಾದರೂ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

1974ರ ಜುಲೈ 15ರಂದು ಅಥೆನ್ಸಿನ ಸೈನಿಕ ಸರ್ಕಾರದ ಕುಮ್ಮಕ್ಕಿನಿಂದ ಅಧ್ಯಕ್ಷ ಮಕಾರಿಯೋಸ್ ಅವರನ್ನು ಪದಚ್ಯುತಗೊಳಿಸುವ ಕ್ಷಿಪ್ರಕ್ರಾಂತಿ ನಡೆಯಿತು. ಖಾತರಿದಾರ ದೇಶವೆಂಬ ಹಕ್ಕನ್ನು ಮುಂದಿಟ್ಟು ಟರ್ಕಿ ಜುಲೈ 20ರಂದು ಸೈನ್ಯ ಇಳಿಸಿತು. ಜಿನೀವಾದ ಮಾತುಕತೆ ಮುರಿದ ಕೂಡಲೇ, ಆಗಸ್ಟ್ 14ರಂದು, ಎರಡನೆಯ ಸುತ್ತಿನ ಕಾರ್ಯಾಚರಣೆ ಶುರುವಾಯಿತು. ವರೋಶಾ ಖಾಲಿಯಾದದ್ದು ಈ ಎರಡನೆಯ ಸುತ್ತಿನಲ್ಲಿ. ವಿಮಾನದಾಳಿಗೆ ಹೆದರಿದ ಜನ ಕಾರುಗಳಲ್ಲಿ ಹಿಡಿಸಿದಷ್ಟನ್ನು ಹಾಕಿಕೊಂಡು, ನಾಲ್ಕು ದಿನ ಬಿಟ್ಟು ಮರಳುವ ಎಣಿಕೆಯಿಂದ ಬಾಗಿಲಿಗೆ ಬೀಗ ಹಾಕಿ, ದಕ್ಷಿಣದ ಡೆರಿನಿಯಾ, ಪರಾಲಿಮ್ನಿ ಹಳ್ಳಿಗಳಿಗೂ ಬ್ರಿಟಿಷ್ ಸೇನಾನೆಲೆಯೊಳಗಿನ ಆಖ್ನಾ ಕಾಡಿಗೂ ಹೋದರು. ಮೂರೇ ದಿನಗಳಲ್ಲಿ ಕದನವಿರಾಮವಾದಾಗ ದ್ವೀಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಟರ್ಕಿಯ ಸೈನ್ಯದ ಕೈಯಲ್ಲಿತ್ತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಉತ್ತರ ಸೈಪ್ರಸ್‌ನ ಬೇರೆ ಊರುಗಳಲ್ಲಿ ಗ್ರೀಕರು ಬಿಟ್ಟುಹೋದ ಮನೆಗಳನ್ನು ದಕ್ಷಿಣದಿಂದ ಬಂದ ತುರ್ಕಿ ಸೈಪ್ರಿಯಟರಿಗೂ ಟರ್ಕಿಯಿಂದ ಕರೆತಂದ ವಲಸಿಗರಿಗೂ ಹಂಚಲಾಯಿತು. ವರೋಶಾದ ಬಹುಭಾಗವನ್ನು ಮಾತ್ರ ಹಂಚದೆ ಬೇಲಿಯೊಳಗೆ ಇಡಲಾಯಿತು. ಈ ಒಂದು ವ್ಯತ್ಯಾಸವೇ ನಿಮಗೆ ಉತ್ತರ ಕೊಡುತ್ತದೆ. ದ್ವೀಪದ ಹೋಟೆಲ್ ಹಾಸಿಗೆಗಳಲ್ಲಿ ಅರ್ಧದ ಹತ್ತಿರ ಆ ನಗರದಲ್ಲೇ ಇದ್ದವು. ಎದುರು ಪಕ್ಷ ಅದಕ್ಕಿಂತ ಹೆಚ್ಚು ಬಯಸುವ ಆಸ್ತಿ ಬೇರೊಂದಿರಲಿಲ್ಲ. ಜನವಸತಿಯಾದರೆ ಮರಳಿ ಕೊಡಲು ಬಾರದು, ಕೊಡಲು ಬಾರದ್ದಕ್ಕೆ ಮಾತುಕತೆಯ ಮೇಜಿನ ಮೇಲೆ ಬೆಲೆಯೂ ಇಲ್ಲ. ಆದ್ದರಿಂದ ಆ ಊರನ್ನು ಖಾಲಿ ಇಡುವುದೇ ನೀತಿಯಾಯಿತು. ಯುದ್ಧ ವರೋಶಾವನ್ನು ಖಾಲಿ ಮಾಡಿದ್ದು ಎರಡು ದಿನಗಳಲ್ಲಿ. ಉಳಿದ ಐವತ್ತು ವರ್ಷ ಅದನ್ನು ಖಾಲಿ ಇಟ್ಟದ್ದು ಸಂಧಾನ ಎಂಬುದು ನನ್ನ ಅಭಿಪ್ರಾಯ.

ಸಂಧಾನದ ಜಾಡು ಹಿಡಿದು ನೋಡಿ. 1979ರ ಮೇ 19ರಂದು ಎರಡೂ ಕಡೆಯ ನಾಯಕರಾದ ಕಿಪ್ರಿಯಾನು ಮತ್ತು ಡೆಂಕ್ಟಾಶ್ ಒಪ್ಪಿದ ಹತ್ತು ಅಂಶಗಳಲ್ಲಿ ವರೋಶಾದ ಪುನರ್ವಸತಿಗೆ ಆದ್ಯತೆ ಕೊಡುವ ಮಾತಿತ್ತು. ಅದು ಕಾಗದದಲ್ಲೇ ಉಳಿಯಿತು. 1983ರ ನವೆಂಬರ್ 15ರಂದು ಉತ್ತರ ಭಾಗ ಪ್ರತ್ಯೇಕ ಗಣರಾಜ್ಯವೆಂದು ಘೋಷಿಸಿಕೊಂಡಿತು. ಟರ್ಕಿಯನ್ನು ಬಿಟ್ಟರೆ ಇಂದಿಗೂ ಯಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ. ಮರುವರ್ಷ ಭದ್ರತಾ ಮಂಡಳಿ ತನ್ನ 550ನೇ ನಿರ್ಣಯದಲ್ಲಿ ವರೋಶಾದ ಯಾವುದೇ ಭಾಗದಲ್ಲಿ ಅಲ್ಲಿನ ನಿವಾಸಿಗಳಲ್ಲದವರನ್ನು ನೆಲೆಗೊಳಿಸುವ ಯತ್ನ ಒಪ್ಪತಕ್ಕದ್ದಲ್ಲವೆಂದು ಹೇಳಿ, ಆ ಪ್ರದೇಶವನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ವಹಿಸಬೇಕೆಂದು ಕೇಳಿತು. 1993ರಲ್ಲಿ ವಿಶ್ವಾಸ ಬೆಳೆಸುವ ಕ್ರಮವಾಗಿ ವರೋಶಾವನ್ನೂ, 1974ರಿಂದ ಮುಚ್ಚಿದ್ದ ನಿಕೋಸಿಯಾ ವಿಮಾನ ನಿಲ್ದಾಣವನ್ನೂ ಒಟ್ಟಿಗೆ ತೆರೆಯುವ ಪ್ರಸ್ತಾಪ ಬಂತು, ಹೋಯಿತು. 2004ರ ಏಪ್ರಿಲ್ 24ರಂದು ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಯೋಜನೆ ಜನಮತಕ್ಕೆ ಹೋದಾಗ ಅದರಲ್ಲಿ ವರೋಶಾ ಗ್ರೀಕ್ ಕಡೆಗೆ ಮರಳುವುದಿತ್ತು. ತುರ್ಕಿ ಸೈಪ್ರಿಯಟರಲ್ಲಿ ಸುಮಾರು ಶೇ. 65ರಷ್ಟು ಜನ ಒಪ್ಪಿದರು, ಗ್ರೀಕ್ ಸೈಪ್ರಿಯಟರಲ್ಲಿ ಸುಮಾರು ಶೇ. 76ರಷ್ಟು ಜನ ತಿರಸ್ಕರಿಸಿದರು. ಯೋಜನೆಯ ಇತರ ಅಂಶಗಳಲ್ಲಿ, ಟರ್ಕಿಯ ಸೈನ್ಯದ ಒಂದು ಭಾಗ ಉಳಿಯುವುದರಲ್ಲಿಯೂ ಖಾತರಿ ವ್ಯವಸ್ಥೆ ಮುಂದುವರಿಯುವುದರಲ್ಲಿಯೂ, ಅವರಿಗೆ ಆಕ್ಷೇಪವಿತ್ತು. ಒಂದು ಊರಿಗಾಗಿ ಇಡೀ ದೇಶದ ಏರ್ಪಾಡನ್ನು ಒಪ್ಪಬೇಕೇ ಎಂಬ ಪ್ರಶ್ನೆ ಅಲ್ಲಿತ್ತು, ಮತ್ತು ವರೋಶಾದ ಜನ ದೇಶದ ಒಟ್ಟು ಮತದಾರರಲ್ಲಿ ಚಿಕ್ಕ ಪಾಲು ಮಾತ್ರ.


ಉತ್ತರ: ಮರ್ಚೆಂಟ್ ನೇವಿಯ ನಿವೃತ್ತ ಎಂಜಿನಿಯರ್, ಬೈತಖೋಲ, ಕಾರವಾರ

ಮಾಸ್ತರರ ಬರಹಕ್ಕೆ ಬಂದರಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಲಿಮಾಸೋಲ್‌ನಲ್ಲಿ ನಮ್ಮ ಹಡಗು ರಿಪೇರಿಗೆ ನಿಂತಿದ್ದಾಗ ಡೆರಿನಿಯಾಕ್ಕೆ ಹೋಗಿದ್ದೆ. ಅಲ್ಲಿ ಮನೆಗಳ ತಾರಸಿಯ ಮೇಲೆ ದುರ್ಬೀನು ಇಟ್ಟು ವರೋಶಾ ತೋರಿಸುತ್ತಾರೆ. ಮುಂದೆ ಬಟಾಟೆ ಹೊಲಗಳು, ಅವುಗಳ ನಡುವೆ ವಿಶ್ವಸಂಸ್ಥೆಯ ಕಾವಲುಗೂಡು, ಅದರಾಚೆ ಸಮುದ್ರಕ್ಕೆ ಅಂಟಿಕೊಂಡ ಹೋಟೆಲ್ ಸಾಲು. ಬರಿಗಣ್ಣಿಗೆ ಅದು ಯಾವುದೇ ಬೀಚಿನ ಊರಿನಂತೆಯೇ ಕಾಣುತ್ತದೆ. ದುರ್ಬೀನಿನಲ್ಲಿ ನೋಡಿದಾಗಲೇ ಒಂದೊಂದು ಮಹಡಿಯೂ ಆಚೆ ಬದಿಯ ಆಕಾಶ ಕಾಣುವಷ್ಟು ಬರಿದಾಗಿರುವುದು ಗೊತ್ತಾಗುತ್ತದೆ: ಬಾಗಿಲಿಲ್ಲ, ಕಿಟಕಿಯ ಚೌಕಟ್ಟಿಲ್ಲ, ಬಾಲ್ಕನಿಯ ಕಂಬಿಗಳು ತುಂಡುತುಂಡಾಗಿ ನೇತಾಡುತ್ತಿವೆ. ಕಟ್ಟುತ್ತಿದ್ದ ಕಟ್ಟಡವೊಂದರ ಮೇಲೆ ಕ್ರೇನು ಹಾಗೆಯೇ ನಿಂತಿತ್ತು. ಊಟದ ಮೇಜಿನ ಮೇಲೆ ತಟ್ಟೆಗಳು ಇಟ್ಟಲ್ಲೇ ಇವೆ ಎಂದು ಹೇಳುವ ಕಥೆಗಳನ್ನು ನಂಬಬೇಡಿ. ಮೊದಲ ವರ್ಷಗಳಲ್ಲೇ ಪೀಠೋಪಕರಣ, ನಲ್ಲಿ, ವೈರು, ಅಲ್ಯುಮಿನಿಯಮ್ ಎಲ್ಲವೂ ಲೂಟಿಯಾಗಿ ಹೋಗಿವೆ.

ನಾವಿಕರಿಗೆ ಗೊತ್ತಿರುವ ಇನ್ನೊಂದು ವಿಷಯವಿದೆ. ಫಾಮಗುಸ್ತಾ 1974ರವರೆಗೆ ದ್ವೀಪದ ಮುಖ್ಯ ಬಂದರಾಗಿತ್ತು. ಆ ವರ್ಷವೇ ದಕ್ಷಿಣದಲ್ಲಿ ಉಳಿದ ಗ್ರೀಕ್ ಸೈಪ್ರಿಯಟರ ಸೈಪ್ರಸ್ ಸರ್ಕಾರ ಅದನ್ನು ಮುಚ್ಚಿದ ಬಂದರೆಂದು ಘೋಷಿಸಿತು. ಅಲ್ಲಿಗೆ ಹೋದ ಹಡಗಿನ ಕ್ಯಾಪ್ಟನ್ ಮುಂದೆಂದಾದರೂ ದಕ್ಷಿಣದ ಬಂದರಿಗೆ ಬಂದರೆ ಶಿಕ್ಷೆಗೆ ಗುರಿಯಾಗುತ್ತಾನೆ. ಉತ್ತರದವರ ಕಿತ್ತಳೆ, ಬಟಾಟೆ ಯುರೋಪಿಗೆ ಹೋಗುವುದು 1994ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ ಇನ್ನಷ್ಟು ಕಷ್ಟವಾಯಿತು: ಮಾನ್ಯತೆಯಿಲ್ಲದ ಆಡಳಿತ ಕೊಟ್ಟ ಬೆಳೆ ಆರೋಗ್ಯ ಪ್ರಮಾಣಪತ್ರ ನಡೆಯುವುದಿಲ್ಲ ಎಂದು ಅದು ಹೇಳಿತು. ಹಾಗಾಗಿ ಪ್ರತಿ ಮಾತುಕತೆಯಲ್ಲೂ 'ನೀವು ವರೋಶಾ ಕೊಡಿ, ನಾವು ಬಂದರು ತೆರೆಯಲು ಒಪ್ಪುತ್ತೇವೆ' ಎಂಬ ಧಾಟಿ ಬರುತ್ತದೆ. ಒಂದು ಕಡೆಯವರು ಊರನ್ನು ಒತ್ತೆಯಿಟ್ಟುಕೊಂಡರೆ ಇನ್ನೊಂದು ಕಡೆಯವರು ಬಂದರನ್ನು ಒತ್ತೆಯಿಟ್ಟುಕೊಂಡಿದ್ದಾರೆ ಎಂದು ಹಡಗಿನ ಮಂದಿ ಮಾತಾಡಿಕೊಳ್ಳುವುದುಂಟು.


ಉತ್ತರ: ಭಟ್ಕಳದ ಸದಸ್ಯ

ಮೇಲಿನ ಎರಡೂ ಉತ್ತರಗಳು ಮಾಹಿತಿಪೂರ್ಣವಾಗಿವೆ, ಆದರೆ ಮಾಸ್ತರರು 1963ರಿಂದ 1974ಕ್ಕೆ ಒಂದೇ ಜಿಗಿತದಲ್ಲಿ ದಾಟಿದ್ದಾರೆ. ಆ ಹನ್ನೊಂದು ವರ್ಷಗಳನ್ನು ಬಿಟ್ಟರೆ ತುರ್ಕಿ ಸೈಪ್ರಿಯಟರು ಈ ವಿಷಯದಲ್ಲಿ ಬರೀ ಬೇಲಿ ಕಾಯುವವರಾಗಿ ಕಾಣುತ್ತಾರೆ. 1963-64ರ ಗಲಭೆಯಲ್ಲಿ ಸುಮಾರು 25,000 ತುರ್ಕಿ ಸೈಪ್ರಿಯಟರು ತಮ್ಮ ಹಳ್ಳಿಗಳನ್ನು ತೊರೆದು, ದ್ವೀಪದ ಕೆಲವೇ ಶೇಕಡಾ ನೆಲದಲ್ಲಿ ಚದುರಿದ ಕಿರಿದಾದ ಆವರಣಗಳಲ್ಲಿ ದಶಕದ ಕಾಲ ಬದುಕಿದರು. 1974ರಲ್ಲಿ ಫಾಮಗುಸ್ತಾದ ಕೋಟೆಯೊಳಗೆ ಆಶ್ರಯ ಪಡೆದ ತುರ್ಕಿ ಸೈಪ್ರಿಯಟರು ಟರ್ಕಿಯ ಸೈನ್ಯ ಬರುವವರೆಗೆ ಮುತ್ತಿಗೆಯಲ್ಲಿದ್ದರು. ವರೋಶಾದವರು ಊರು ಬಿಟ್ಟ ಅದೇ ಆಗಸ್ಟ್ 14ರಂದು, ಅದೇ ಜಿಲ್ಲೆಯ ಮರಾಥಾ, ಸಂತಲಾರಿಸ್, ಅಲೋಡಾ ಎಂಬ ಮೂರು ಹಳ್ಳಿಗಳಲ್ಲಿ ಸಶಸ್ತ್ರ ಗ್ರೀಕ್ ಸೈಪ್ರಿಯಟರು 126 ಮಂದಿ ತುರ್ಕಿ ಸೈಪ್ರಿಯಟರನ್ನು ಕೊಂದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. 

ಇದನ್ನು ಬರೆಯುತ್ತಿರುವುದು ವರೋಶಾದವರ ನಷ್ಟವನ್ನು ಕಡಿಮೆ ಮಾಡಲಿಕ್ಕಲ್ಲ. ದಕ್ಷಿಣದ ಪಾಫೋಸ್, ಲಿಮಾಸೋಲ್‌ಗಳಲ್ಲಿ ಮನೆ ಬಿಟ್ಟು ಉತ್ತರಕ್ಕೆ ಹೋದ ತುರ್ಕಿ ಸೈಪ್ರಿಯಟರ ಸಂಖ್ಯೆಯೂ ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ. ಅವರ ಮನೆಗಳ ಚಿತ್ರ ವಾಟ್ಸಾಪ್‌ನಲ್ಲಿ ಬರುವುದಿಲ್ಲ, ಏಕೆಂದರೆ ಅವು ಖಾಲಿಯಾಗಿ ಉಳಿಯಲಿಲ್ಲ. ವಕೀಲರು ಒಡೆತನದ ಬಗ್ಗೆ ಬರೆಯುವಾಗ ಈ ಮನೆಗಳ ಕಥೆಯನ್ನೂ ಹೇಳಬೇಕೆಂದು ಕೋರುತ್ತೇನೆ.


ಉತ್ತರ: ಶಿರಸಿಯ ವಕೀಲೆ

ಮಾಸ್ತರರು ನನ್ನ ಕಡೆಗೆ ಕೈತೋರಿಸಿದ್ದಾರೆ, ಭಟ್ಕಳದವರು ಕೋರಿದ್ದಾರೆ. ಇಬ್ಬರಿಗೂ ಸೇರಿಸಿ ಬರೆಯುತ್ತೇನೆ.

ನಮ್ಮ ಜಿಲ್ಲೆಯ ಕೋರ್ಟುಗಳಲ್ಲಿ ಜಮೀನಿನ ದಾವೆ ನಡೆಸುವವರಿಗೆ 1974 ಬೇರೆಯೇ ಕಾರಣಕ್ಕೆ ಬಾಯಿಪಾಠವಾದ ವರ್ಷ. ಆ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು, ಉಳುವವರು ಅಧಿಭೋಗದಾರರಾದರು. ಒಡೆಯನ ಹೆಸರು ಹೋಗಿ ಗೇಣಿದಾರನ ಹೆಸರು ಬರಲು ಅಲ್ಲಿ ಶಾಸನವಿತ್ತು, ನ್ಯಾಯಮಂಡಳಿಯಿತ್ತು, ಕಡಿಮೆಯೇ ಆದರೂ ಪರಿಹಾರವಿತ್ತು. ಸೈಪ್ರಸ್‌ನ ಉತ್ತರದಲ್ಲಿ ನಡೆದದ್ದಕ್ಕೂ ಶಾಸನದ ಹೊದಿಕೆ ಇದೆ. 1985ರ ಅವರ ಸಂವಿಧಾನದ 159ನೇ ಕಲಮು, ಮಾಲೀಕರು ಬಿಟ್ಟುಹೋದ ಸ್ಥಿರಾಸ್ತಿಗಳೆಲ್ಲ ತಮ್ಮ ರಾಜ್ಯದ ಸ್ವತ್ತೆಂದು ಸಾರಿತು. ಕಡವಾಡದವರು 'ಸ್ವಾಧೀನಪಡಿಸಿಕೊಂಡ ಆದೇಶವೂ ಇಲ್ಲ' ಎಂದು ಬರೆದಿದ್ದಾರೆ. ಆದೇಶವೇನೋ ಇದೆ, ಅದನ್ನು ಹೊರಡಿಸಿದ ರಾಜ್ಯಕ್ಕೇ ಮಾನ್ಯತೆಯಿಲ್ಲ.

ಇದು ಪರೀಕ್ಷೆಗೆ ಬಂದದ್ದು ಉತ್ತರದ ಕಿರೇನಿಯಾ ಪಟ್ಟಣದ ತಿಟಿನಾ ಲೊಯಿಜಿಡೂ ಅವರ ಮೊಕದ್ದಮೆಯಲ್ಲಿ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1996ರಲ್ಲಿ ಆ 159ನೇ ಕಲಮಿಗೆ ಕಾನೂನಿನ ಬೆಲೆ ಕೊಡಲು ನಿರಾಕರಿಸಿ, ಲೊಯಿಜಿಡೂ ಅವರೇ ಇನ್ನೂ ಮಾಲೀಕರೆಂದೂ, ಆ ಪ್ರದೇಶ ಟರ್ಕಿಯ ಸೈನ್ಯದ ಹಿಡಿತದಲ್ಲಿರುವುದರಿಂದ ಹೊಣೆ ಟರ್ಕಿಯದೆಂದೂ ತೀರ್ಪು ಕೊಟ್ಟಿತು. ಪರಿಹಾರದ ಮೊತ್ತ 1998ರಲ್ಲಿ ನಿಗದಿಯಾದರೂ ಟರ್ಕಿ ಹಣ ಕಟ್ಟಿದ್ದು 2003ರಲ್ಲಿ. ಆನಂತರ ವರೋಶಾದ ಮನೆಯೊಡತಿ ಮೈರಾ ಕ್ಸೆನಿಡಿಸ್ ಅರೆಸ್ಟಿಸ್ ಅವರ ಮೊಕದ್ದಮೆ ಬಂತು. 2005ರಲ್ಲಿ ಅವರ ಹಕ್ಕನ್ನು ಎತ್ತಿಹಿಡಿದ ನ್ಯಾಯಾಲಯ ಮರುವರ್ಷ 8 ಲಕ್ಷ ಯೂರೋ ಆಸ್ತಿನಷ್ಟವನ್ನೂ, 50 ಸಾವಿರ ಯೂರೋ ಮಾನಸಿಕ ನೋವಿನ ಪರಿಹಾರವನ್ನೂ ವಿಧಿಸಿತು. ಆ ಹಣ ಮನೆಯ ಬೆಲೆಯಲ್ಲ ಎಂಬುದನ್ನು ಗಮನಿಸಬೇಕು. ಮನೆಯನ್ನು ಅನುಭವಿಸಲಾಗದೆ ಕಳೆದ ವರ್ಷಗಳಿಗೆ ಕೊಟ್ಟ ಪರಿಹಾರ ಅದು, ಒಡೆತನ ಅವರಲ್ಲೇ ಉಳಿಯಿತು.

ಇದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಬ್ರಿಟಿಷರ ಕಾಲದಿಂದ ಬಂದ ನೋಂದಣಿ ಪ್ರಕಾರ ವರೋಶಾದ ಮನೆಗಳು ಹಿಂದಿನ ಮಾಲೀಕರ ಹೆಸರಿನಲ್ಲೇ ಇವೆ. ದಕ್ಷಿಣದ ಸರ್ಕಾರದ ಭೂದಾಖಲೆ ಇಲಾಖೆಯಲ್ಲಿ ಅಪ್ಪ ಸತ್ತರೆ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ ವಾರಸಾ ಖಾತೆ ಬದಲಾವಣೆ ಇಂದಿಗೂ ಆಗುತ್ತದೆ. ಹೊಸ ಖಾತೆದಾರರಲ್ಲಿ ಬಹುಪಾಲು ಜನ ಆ ಮನೆಯ ಹೊಸ್ತಿಲನ್ನೂ ತುಳಿದವರಲ್ಲ. ಹನ್ನೆರಡು ವರ್ಷ ಸ್ವಾಧೀನದಲ್ಲಿದ್ದರೆ ಹಕ್ಕು ಬಂದೀತೇ ಎಂದು ನನ್ನ ಕಕ್ಷಿದಾರರು ದಿನಾ ಕೇಳುವ ಪ್ರಶ್ನೆಗೆ ಇಲ್ಲಿ ಎಡೆಯಿಲ್ಲ, ಏಕೆಂದರೆ ಬೇಲಿಯೊಳಗೆ ಸೈನ್ಯವನ್ನು ಬಿಟ್ಟರೆ ಯಾರ ಸ್ವಾಧೀನವೂ ಇರಲಿಲ್ಲ. ಬೇರೆ ಊರುಗಳ ಗ್ರೀಕ್ ಮನೆಗಳಲ್ಲಿ ಎರಡು ತಲೆಮಾರು ಬಾಳಿದ ಬೇರೊಂದು ಕುಟುಂಬವಿದೆ, ಅವರನ್ನು ಎಬ್ಬಿಸುವುದು ಹೇಗೆಂಬ ತೊಡಕಿದೆ. ವರೋಶಾದಲ್ಲಿ ಆ ತೊಡಕಿಲ್ಲ. ಆದ್ದರಿಂದಲೇ ಕಾನೂನಿನ ಕಣ್ಣಿನಲ್ಲಿ ಇದು ಎಲ್ಲಕ್ಕಿಂತ ಸುಲಭದ ಪ್ರಕರಣ. ಅಷ್ಟು ಸುಲಭದ್ದನ್ನೂ ಬಗೆಹರಿಸಲಾಗಿಲ್ಲ ಎಂಬುದೇ ನನಗೆ ಇದರಲ್ಲಿ ಬೆರಗು ಹುಟ್ಟಿಸುವ ಅಂಶ.

ಭಟ್ಕಳದವರು ಎತ್ತಿದ ವಿಷಯ ನ್ಯಾಯವಾದದ್ದು. ತುರ್ಕಿ ಸೈಪ್ರಿಯಟರು ದಕ್ಷಿಣದಲ್ಲಿ ಬಿಟ್ಟುಹೋದ ಆಸ್ತಿಗೆ ಅಲ್ಲಿಯ ಗೃಹ ಸಚಿವರೇ ಪಾಲಕರು. 1991ರ ಶಾಸನ ಹಾಗೆಂದು ವಿಧಿಸುತ್ತದೆ. ಒಡೆತನವನ್ನು ಕಸಿದಿಲ್ಲ, ಆದರೆ ರಾಜಕೀಯ ಇತ್ಯರ್ಥವಾಗುವವರೆಗೆ ಮಾಲೀಕರು ಸಾಮಾನ್ಯವಾಗಿ ಅದನ್ನು ಬಿಡಿಸಿಕೊಳ್ಳಲಾರರು, ಮತ್ತು ಆ ಮನೆಗಳಲ್ಲಿ ಅನೇಕವನ್ನು ಉತ್ತರದಿಂದ ಬಂದ ಗ್ರೀಕ್ ನಿರಾಶ್ರಿತರಿಗೆ ವಾಸಕ್ಕೆ ಕೊಡಲಾಯಿತು. ನಮ್ಮ 1968ರ ಶತ್ರು ಸ್ವತ್ತು ಕಾಯಿದೆಯಡಿಯ ಕಸ್ಟೋಡಿಯನ್ ವ್ಯವಸ್ಥೆಯನ್ನು ಬಲ್ಲವರಿಗೆ ಈ ಏರ್ಪಾಡಿನ ಸ್ವರೂಪ ಬೇಗ ಅರ್ಥವಾಗುತ್ತದೆ, ಆದರೆ ಸೈಪ್ರಸ್‌ನಲ್ಲಿ ಆ ಮಾಲೀಕರು ಶತ್ರುದೇಶದವರಲ್ಲ, ಅದೇ ಗಣರಾಜ್ಯದ ಪೌರರು.


ಪ್ರತಿಕ್ರಿಯೆ: ಕಡವಾಡದ ಓದುಗ

ಎಲ್ಲರಿಗೂ ವಂದನೆಗಳು. ವಕೀಲರ ಬರಹ ಓದಿದ ಮೇಲೆ ಇನ್ನೊಂದು ಸಂಶಯ ಹುಟ್ಟಿತು. ನಾಳೆಯೇ ಬೇಲಿ ತೆಗೆದು ಕೀಲಿಕೈ ಕೊಟ್ಟರೂ ಆ ಮನೆಗಳಲ್ಲಿ ವಾಸ ಮಾಡಲು ಸಾಧ್ಯವೇ? ಸಮುದ್ರದ ಗಾಳಿಗೆ ಬಿಟ್ಟ ಸ್ಲ್ಯಾಬಿನ ಮನೆ ಏನಾಗುತ್ತದೆ ಎಂಬುದನ್ನು ಕಾರವಾರದವರು ನೋಡಿಯೇ ಇದ್ದೇವೆ. ಹಾಗೆಯೇ, 2020ರಲ್ಲಿ ವರೋಶಾದ ಒಂದು ಭಾಗವನ್ನು ತೆರೆದರೆಂದು ಸುದ್ದಿಯಿತ್ತಲ್ಲ, ಅದರಿಂದ ಮಾಲೀಕರ ಸ್ಥಿತಿ ಬದಲಾಯಿತೇ?


ಉತ್ತರ: ಸಿವಿಲ್ ಎಂಜಿನಿಯರ್, ಹೊನ್ನಾವರ

ಕಟ್ಟಡದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸಿಮೆಂಟಿನ ಕ್ಷಾರಗುಣ ಇರುವವರೆಗೆ ಒಳಗಿನ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗಿಳಿದು ಆ ಕ್ಷಾರವನ್ನು ಕುಗ್ಗಿಸುತ್ತದೆ. ಸಮುದ್ರದ ಉಪ್ಪಿನ ಕ್ಲೋರೈಡ್ ಅದಕ್ಕೂ ಕಾಯದೆ ಸರಳಿನ ಮೇಲಿನ ರಕ್ಷಣಾ ಪದರವನ್ನೇ ಒಡೆಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುವುದರಿಂದ ಒಳಗಿನಿಂದಲೇ ಒತ್ತಡ ಬಂದು ಕಾಂಕ್ರೀಟು ಸರಳಿನ ಗುಂಟ ಸೀಳುತ್ತದೆ, ಆಮೇಲೆ ಹೆಕ್ಕಳಿಕೆಯಾಗಿ ಉದುರುತ್ತದೆ. ಕರಾವಳಿಯ ಕಟ್ಟಡಗಳಲ್ಲಿ ಸರಳಿನ ಮೇಲೆ ಕನಿಷ್ಠ 45 ಮಿ.ಮೀ. ಕಾಂಕ್ರೀಟು ಇರಬೇಕೆಂದು ಕಾಂಕ್ರೀಟು ಕೆಲಸಕ್ಕೆ ನಮ್ಮ ಭಾರತೀಯ ಮಾನಕವಾದ ಐಎಸ್ 456 ಇಂದು ಹೇಳುತ್ತದೆ. 1960ರ ದಶಕದಲ್ಲಿ ಅವಸರದಿಂದ ಎದ್ದ ಹೋಟೆಲುಗಳಿಂದ ಅಷ್ಟನ್ನು ನಿರೀಕ್ಷಿಸಲಾಗದು. 

ಕಾರವಾರಕ್ಕೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ, ಫಾಮಗುಸ್ತಾಕ್ಕೆ ಅದರ ಎಂಟನೇ ಒಂದು ಪಾಲೂ ಇಲ್ಲ. ಆ ಒಣ ಹವೆಯಿಂದಾಗಿಯೇ ಕಟ್ಟಡಗಳು ಇಷ್ಟು ಕಾಲ ನಿಂತಿವೆ. ನಮ್ಮ ಕರಾವಳಿಯಲ್ಲಾಗಿದ್ದರೆ ಇಷ್ಟರಲ್ಲಿ ಕಾಡು ನುಂಗಿರುತ್ತಿತ್ತು. ಆದರೆ ಕಿಟಕಿ ಬಾಗಿಲು ಕಿತ್ತುಹೋದ ಕಟ್ಟಡದಲ್ಲಿ ಉಪ್ಪುಗಾಳಿ ಒಳಕೋಣೆಯ ತೊಲೆಗೂ ತಗಲುತ್ತದೆ. ತಾರಸಿಯ ನೀರಿನ ಕೊಳವೆಯಲ್ಲಿ ಎಲೆ ಕಟ್ಟಿಕೊಂಡರೆ ಒಂದೇ ಚಳಿಗಾಲದ ಮಳೆಯ ನೀರು ಅಲ್ಲೇ ನಿಂತು ಸ್ಲ್ಯಾಬಿಗೆ ಇಳಿಯುತ್ತದೆ, ಅದನ್ನು ತೆಗೆಯಲು ಯಾರೂ ಇಲ್ಲದೆ ಐವತ್ತು ಚಳಿಗಾಲಗಳು ಕಳೆದಿವೆ. ಕಡಲ ಸಾಲಿನ ಎತ್ತರದ ಹೋಟೆಲುಗಳನ್ನು ಕೆಡವಿ ಹೊಸದಾಗಿ ಕಟ್ಟುವುದೇ ಅಗ್ಗ ಎಂದು ನನ್ನ ಅಂದಾಜು. ಹಿಂದಿನ ಓಣಿಗಳಲ್ಲಿರುವ ಕಲ್ಲುಗೋಡೆಯ ಹಳೆಯ ಒಂದಂತಸ್ತಿನ ಮನೆಗಳ ಸ್ಥಿತಿ ಬೇರೆ. ನಮ್ಮ ಚಿರೆಕಲ್ಲಿನ ಮನೆಗಳ ಹಾಗೆ ಅವುಗಳ ಗೋಡೆಯಲ್ಲಿ ತುಕ್ಕು ಹಿಡಿಯುವಂಥದ್ದು ಏನೂ ಇಲ್ಲ; ಮಾಡು ಹೊಸದಾಗಿ ಹೊದಿಸಿ, ಬೇರುಗಳನ್ನು ಕಿತ್ತರೆ ಅವುಗಳಲ್ಲಿ ಅನೇಕವನ್ನು ಉಳಿಸಿಕೊಳ್ಳಬಹುದು. ಮನೆಗಿಂತ ಹೆಚ್ಚು ಖರ್ಚು ನೆಲದಡಿಯದು: ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲ್ ಎಲ್ಲವನ್ನೂ ಒಂದು ನಗರಕ್ಕೆ ಮೊದಲಿನಿಂದ ಹಾಕಬೇಕು. ಬೀಚಿನಲ್ಲಿ ಮನುಷ್ಯರಿಲ್ಲದ ಕಾರಣ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆಯಂತೆ. ಕಾಸರಕೋಡಿನ ದಂಡೆಯಲ್ಲಿ ಆಮೆಗೂಡು ಕಾಯುವವರಿಗೆ ಇದೊಂದು ಸಮಾಧಾನದ ಸುದ್ದಿ.


ಉತ್ತರ: ಶಿರಸಿಯ ವಕೀಲೆ

2020ರ ವಿಷಯ. ಆ ಅಕ್ಟೋಬರ್ 8ರಂದು ಬೀಚಿನ ಒಂದು ಭಾಗವನ್ನೂ ಕೆಲವು ರಸ್ತೆಗಳನ್ನೂ ಸಾರ್ವಜನಿಕರಿಗೆ ತೆರೆದರು. ಮೂರು ದಿನ ಬಿಟ್ಟು ಉತ್ತರದಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ಇತ್ತು. ತೆರೆಯುವುದರ ಮುಂಚೂಣಿಯಲ್ಲಿದ್ದ ಎರ್ಸಿನ್ ತತಾರ್ ಆ ಚುನಾವಣೆಯಲ್ಲಿ ಗೆದ್ದರು. ಕಟ್ಟಡಗಳಿಗೆ ಹಗ್ಗ ಕಟ್ಟಿ, ರಸ್ತೆಗೆ ಹೊಸ ಡಾಂಬರು ಹಾಕಿ, ಬಾಡಿಗೆ ಸೈಕಲ್ ಇಟ್ಟಿದ್ದಾರೆ. ಮಾಲೀಕರು ತಮ್ಮ ಮನೆಯ ಮುಂದೆ ನಿಂತು ನೋಡಬಹುದು, ಒಳಗೆ ಹೋಗುವಂತಿಲ್ಲ. ಇದು ಪ್ರವಾಸೋದ್ಯಮವಾಯಿತೇ ಹೊರತು ಪುನರ್ವಸತಿಯಲ್ಲ, ಮತ್ತು ಭದ್ರತಾ ಮಂಡಳಿ ಇದನ್ನು ಟೀಕಿಸಿದೆ.

2021ರ ಜುಲೈ 20ರಂದು ಬೇಲಿಯೊಳಗಿನ ಪ್ರದೇಶದ ಶೇ. 3.5ರಷ್ಟನ್ನು ಸೈನ್ಯದ ಹಿಡಿತದಿಂದ ತೆಗೆದು, ಮಾಲೀಕರು ಅರ್ಜಿ ಹಾಕಬಹುದೆಂದು ಘೋಷಿಸಿದರು. ಅರ್ಜಿ ಹಾಕಬೇಕಾದದ್ದು ಉತ್ತರದಲ್ಲಿ 2005ರ ಶಾಸನದಿಂದ ಸ್ಥಾಪಿತವಾದ ಸ್ಥಿರಾಸ್ತಿ ಆಯೋಗಕ್ಕೆ. ಅದು ಮನೆ ಮರಳಿಸುವುದು, ವಿನಿಮಯ, ಪರಿಹಾರ ಎಂಬ ಮೂರು ಬಗೆಯ ಆದೇಶ ಕೊಡಬಲ್ಲದು. 2010ರ ಡೆಮೊಪೌಲೋಸ್ ಪ್ರಕರಣದಲ್ಲಿ ಮಾನವ ಹಕ್ಕುಗಳ ನ್ಯಾಯಾಲಯವೇ ಈ ಆಯೋಗವನ್ನು ಪರಿಣಾಮಕಾರಿ ಪರಿಹಾರ ಮಾರ್ಗವೆಂದು ಒಪ್ಪಿ, ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂದಿದೆ. ಆದರೆ ಅಲ್ಲಿ ಹೋದವರ ಎದುರು ಎವ್ಕಾಫ್ ಎಂಬ ತುರ್ಕಿ ವಕ್ಫ್ ಸಂಸ್ಥೆ ಬರುತ್ತದೆ. ವರೋಶಾದ ಬಹುಪಾಲು ನೆಲ ಆಟೊಮನ್ ಕಾಲದ ವಕ್ಫ್ ಆಸ್ತಿ, ಬ್ರಿಟಿಷರು ಅದನ್ನು ತಪ್ಪಾಗಿ ಖಾಸಗಿಯವರಿಗೆ ನೋಂದಾಯಿಸಿದರು ಎಂಬುದು ಅದರ ವಾದ, ಮತ್ತು ಉತ್ತರದ ನ್ಯಾಯಾಲಯ 2005ರಲ್ಲಿ ಅದನ್ನು ಎತ್ತಿಹಿಡಿದಿದೆ. ಸ್ವಾತಂತ್ರ್ಯದ ಹೊತ್ತಿಗೆ ಬ್ರಿಟನ್ ತುರ್ಕಿ ಸೈಪ್ರಿಯಟ್ ಸಮುದಾಯಕ್ಕೆ 15 ಲಕ್ಷ ಪೌಂಡ್ ಕೊಟ್ಟಾಗಲೇ ಅಂಥ ಹಕ್ಕೊತ್ತಾಯಗಳು ಮುಗಿದವು ಎಂಬುದು ಗ್ರೀಕ್ ಕಡೆಯವರ ಪ್ರತಿವಾದ.

ಹೀಗಾಗಿ ವರೋಶಾದ ಮೊಮ್ಮಗಳೊಬ್ಬಳು ಇಂದು ವಕೀಲರ ಬಳಿ ಕುಳಿತರೆ ಅವಳಿಗೆ ಸಿಗುವ ಸಲಹೆ ಸುಲಭದ್ದಲ್ಲ. ಅರ್ಜಿ ಹಾಕಿದರೆ, ತನ್ನ ದೇಶ ಒಪ್ಪದ ಆಡಳಿತದ ಅಧಿಕಾರವನ್ನು ತಾನು ಒಪ್ಪಿದಂತೆ ಎಂದು ದಕ್ಷಿಣದಲ್ಲಿ ನಿಂದನೆಗೆ ಗುರಿಯಾಗುತ್ತಾಳೆ. ದಕ್ಷಿಣದಿಂದಲೇ ಇಂದಿಗೂ ಮೇಯರನ್ನು ಚುನಾಯಿಸುವ ಫಾಮಗುಸ್ತಾ ಪುರಸಭೆ ಇಡೀ ಊರನ್ನು ವಿಶ್ವಸಂಸ್ಥೆಯ ಮೂಲಕ ಮರಳಿ ಕೇಳುತ್ತಿದೆ, ಒಂದೊಂದೇ ಮನೆಯನ್ನಲ್ಲ. ಅರ್ಜಿ ಹಾಕದಿದ್ದರೆ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲೂ ತೆರೆಯುವುದಿಲ್ಲ. ಗೆದ್ದು ಮನೆ ಪಡೆದರೂ ಅವಳು ಬದುಕಬೇಕಾದದ್ದು ಉತ್ತರದ ಪೊಲೀಸು, ಉತ್ತರದ ತೆರಿಗೆಯ ಕೆಳಗೆ. 2025ರ ಅಕ್ಟೋಬರ್‌ನಲ್ಲಿ ಉತ್ತರದವರು ತತಾರ್ ಅವರನ್ನು ಸೋಲಿಸಿ, ಎರಡೂ ಕಡೆ ಸೇರಿದ ಒಕ್ಕೂಟ ರಾಜ್ಯದ ಪರವಾಗಿರುವ ತುಫಾನ್ ಎರ್ಹುರ್ಮಾನ್ ಅವರನ್ನು ಆರಿಸಿದ್ದರಿಂದ ಮಾತುಕತೆಯ ದಾರಿ ಮತ್ತೆ ತೆರೆದೀತೆಂಬ ನಿರೀಕ್ಷೆಯಿದೆ. ವರೋಶಾದ ಬೇಲಿ ಕಾಯುವ ಸೈನ್ಯ ಮಾತ್ರ ಟರ್ಕಿಯ ರಾಜಧಾನಿ ಅಂಕಾರಾದ ಆಜ್ಞೆಯಲ್ಲಿದೆ, ಆ ಆಜ್ಞೆ ಬದಲಾಗಲು ಉತ್ತರದ ಮತದಾರರ ತೀರ್ಮಾನವೊಂದೇ ಸಾಲದು.